ಕಾರಣ: ನಲವತ್ತು ಅಕ್ಷರ ಮೀರದಂತೆ

ಔಲು ಪಟ್ಟಣ, ನವೆಂಬರ್, ಮೂರೂವರೆಗೇ ಕತ್ತಲು.
ಐಲಾಳ ರಜೆಯ ಅರ್ಜಿ ತುಂಬುತ್ತಿದ್ದೇನೆ.
ಹೆಸರು, ವಯಸ್ಸು,
ತುರ್ತು ಕರೆ ಕೇಂದ್ರದಲ್ಲಿ ಸೇವೆ ಹತ್ತೊಂಬತ್ತು ವರ್ಷ.
'ಕಾರಣ' ಎಂಬ ಚೌಕದಲ್ಲಿ
ಕರ್ಸರ್ ಮಿಟುಕುತ್ತ ನಿಂತಿದೆ,
ಬಾಕಿ ಕೇಳಲು ಬಂದವನ ಹಾಗೆ.

ಯಾವ ಕರೆ? ಎಂದರು ವೈದ್ಯರು.
ನದಿಯ ತೆಳು ಮಂಜುಗಡ್ಡೆಗೆ ಇಳಿದ ಹುಡುಗರದೆ?
ಹಿಮಸಾರಂಗಕ್ಕೆ ಗುದ್ದಿ ಮಗುಚಿದ ಬಸ್ಸಿನದೆ?
ಅಲ್ಲ. ಆ ರಾತ್ರಿಗಳಲ್ಲಿ ಅವಳ ದನಿ
ಬಾವಿಗೆ ಇಳಿಬಿಟ್ಟ ಹಗ್ಗದಷ್ಟು ನೇರ.
ಬೆಳಗಾದ ಮೇಲೆ ಏಲಕ್ಕಿ ಬನ್ನು ತಿಂದು
ಬೆರಳಿಗಂಟಿದ ಸಕ್ಕರೆ ನೆಕ್ಕಿ
ಬಸ್ಸು ಹತ್ತಿದಳು.

ಅವಳು ಕುಸಿದದ್ದು ಒಂದು ಮಂಗಳವಾರ,
ಕರೆಗಳೇ ಇಲ್ಲದ ಮಧ್ಯಾಹ್ನ.
ಹೈಲುವೊತೊ ದ್ವೀಪದ ಮುದುಕನೊಬ್ಬ
ಕನ್ನಡಕ ಸಿಗದೆ ತಪ್ಪು ಗುಂಡಿ ಒತ್ತಿದ್ದ.
'ಕ್ಷಮಿಸಮ್ಮ, ಇಲ್ಲಿ ಏನೂ ಆಗಿಲ್ಲ.
ನೀನು ಹೇಗಿದ್ದೀ?'
ಆ ತುದಿಯಿಂದ ಇಷ್ಟು ವರ್ಷ
ಯಾರೂ ಕೇಳಿರದ ಮಾತು.
ಅವಳ ಬಾಯಿ ತೆರೆದೇ ಇತ್ತು.
ಪರದೆಯ ಮೇಲೆ ಸೆಕೆಂಡು
ಹಸಿರಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ.

ಆ ಬಣ್ಣ ಹಾಕಿಸಿದವನು ನಾನು.

ಮೇಲಿನಿಂದ ಸುತ್ತೋಲೆ ಬಂದಿತ್ತು, ನಿಜ.
ಕರೆಗೆ ಸರಾಸರಿ ತೊಂಬತ್ತು ಸೆಕೆಂಡು.
ನೀರಿಗೆ ಎದ್ದರೆ ಒಂದು ಸಂಕೇತ, ಮೂತ್ರಕ್ಕೆ ಇನ್ನೊಂದು.
ಸುಮ್ಮನೆ ಎದ್ದು ಕಿಟಕಿಯ ಬಳಿ ನಿಂತರೆ
ಅದಕ್ಕೆ ಸಂಕೇತವಿಲ್ಲ.
ಕುರ್ಚಿಯೂ ಅವಳದಲ್ಲ,
ಪಾಳಿ ಬದಲಾದಂತೆ ಬೇರೆಯವರ ಬೆಚ್ಚಗೆ ಅದರಲ್ಲಿ.

ಒಮ್ಮೆ ಕೇಳಿದ್ದಳು,
'ಯೋರ್ಮಾ, ಆ ಮಗು ಉಸಿರಾಡಿತೆ?
ಬಾಗಿಲು ತಟ್ಟಿದ್ದು ಕೇಳಿಸಿತು,
ಅಷ್ಟಕ್ಕೆ ಲೈನು ಹೋಯಿತು.'
ಗೋಪ್ಯತೆಯ ನಿಯಮ ಓದಿ ಹೇಳಿದೆ.
ನಿಯಮದಲ್ಲಿ ತಪ್ಪಿಲ್ಲ, ಈಗಲೂ ಇಲ್ಲ.
ದಿನಕ್ಕೆ ಎಂಬತ್ತು ಕಥೆ ಶುರುವಾಗುತ್ತದೆ ಅವಳ ಕಿವಿಯಲ್ಲಿ,
ಒಂದೂ ಮುಗಿಯುವುದಿಲ್ಲ.
ರಾತ್ರಿ ಅಷ್ಟೂ ಅವಳ ಹಾಸಿಗೆಯ ಅಂಚಿಗೆ ಬಂದು ಕೂತರೆ
ನಿದ್ದೆಗೆ ಜಾಗವೆಲ್ಲಿ?

ಹನಿಗೂಡಿದರೆ ಹಳ್ಳವಂತೆ.
ಹನಿ ಹನಿ ಕಳೆದರೆ ಏನು, ಅದಕ್ಕೆ ಗಾದೆಯಿಲ್ಲ.
ಬಿರುಕು ಎಲ್ಲಿದೆ ತೋರಿಸಿ ಎನ್ನುತ್ತಾರೆ ವೈದ್ಯರು,
ಮಣ್ಣಿನ ಕೊಡ
ಇಡೀ ಮೈಯಿಂದ ಬೆವರಿ ಬರಿದಾಗಿರುವಾಗ.

ಶನಿವಾರ ಸೌನಾದ ಒಲೆ ಬಿಚ್ಚಿದೆ.
ವರ್ಷಕ್ಕೊಮ್ಮೆ ಕಲ್ಲು ಆರಿಸಬೇಕು, ಅಪ್ಪ ಕಲಿಸಿದ್ದು.
ಕಾಯಿಸು, ನೀರೆರೆ, ಮತ್ತೆ ಕಾಯಿಸು, ಮತ್ತೆ ನೀರು.
ನೋಡಲು ಎಲ್ಲವೂ ಗಟ್ಟಿ.
ತಳದ ಸಾಲಿನದೊಂದು
ಹಿಡಿದದ್ದೇ ತಡ
ಒಣ ರೊಟ್ಟಿಯಂತೆ ಅಂಗೈಯಲ್ಲಿ ಪುಡಿಯಾಯಿತು.
ಬೆಂಕಿಗೆ ತೀರ ಹತ್ತಿರ ಅದು.
ಇದ್ದುದರಲ್ಲಿ ಒಳ್ಳೆಯ ಕಲ್ಲನ್ನೇ ನೋಡಿ
ಅಲ್ಲಿಟ್ಟಿದ್ದೆ.

'ಅತಿ ದಣಿವು' ಎಂದು ಬರೆದೆ, ಅಳಿಸಿದೆ.
'ವೈಯಕ್ತಿಕ' ಎಂದರೆ ಅರ್ಜಿ ಕೂಡಲೇ ಮುಂದೆ ಹೋಗುತ್ತದೆ,
ಯಾರಿಗೂ ಕೆಲಸವಿಲ್ಲ.
ಆ ಪದ ಬೆರಳ ತುದಿಯವರೆಗೂ ಬಂದಿತ್ತು.

ಇಂದು ಹಳೆಯ ಕಡತ ತೆಗೆದು ನೋಡಿದೆ,
ನೋಡಬಾರದಿತ್ತು.
ಮಗು ಉಸಿರಾಡಿದೆ.
ಈಗ ಎರಡನೇ ತರಗತಿ ಇರಬೇಕು.

ಹೇಳೋಣವೆಂದು ಫೋನು ಮಾಡಿದೆ.
ಹದಿನಾಲ್ಕು ಸಲ ರಿಂಗಾಯಿತು.
ಐದು ಸೆಕೆಂಡಿನೊಳಗೆ ಎತ್ತುತ್ತಿದ್ದವಳು
ಎತ್ತಲಿಲ್ಲ.

ಒಳ್ಳೆಯದು ಅಂದುಕೊಂಡೆ,
ರಿಸೀವರ್ ಕೆಳಗಿಡದೆ.