ಹದಿಮೂರರಿಂದ ಇಪ್ಪತ್ತೊಂದು

ನಗರಸಭೆಯ ಕಾಗದದಲ್ಲಿ ಒಂದೇ ಸಾಲು:
ಜನವರಿ ಹದಿಮೂರು, ಹಬ್ಬದ ದೀಪ ಇಳಿಸತಕ್ಕದ್ದು.
ಬಂದರುಬೀದಿಗೆ ನಲವತ್ತೇಳು ಸರ,
ಏಣಿ ಒಂದು, ಐವಿಂದ್ ಒಬ್ಬ,
ಏಣಿಯ ಬುಡ ಹಿಡಿಯಲು ನಾನು.

ನಾರ್ವೆಯ ನೆತ್ತಿಯ ಮೇಲೆ ನಮ್ಮ ಊರು.
ನವೆಂಬರಿನಲ್ಲಿ ಮುಳುಗಿದ ಸೂರ್ಯ
ಇಪ್ಪತ್ತೊಂದಕ್ಕೆ ಗುಡ್ಡದ ಆಚೆಯಿಂದ ಇಣುಕಬೇಕು.
ಬೆರಳು ಮಡಚಿ ಎಣಿಸಿದೆ. ಎಂಟು ದಿನ.
ಹಬ್ಬದ ಬೆಳಕೂ ಇಲ್ಲ, ಹಗಲಿನದೂ ಇಲ್ಲ;
ಮಧ್ಯಾಹ್ನ ಹನ್ನೆರಡಕ್ಕೆ ಒಂದು ನೀಲಿ ಮಬ್ಬು
ಹಾಲಿಗೆ ಶಾಯಿ ಬಿದ್ದ ಹಾಗೆ ಬಂದು
ಸ್ವಲ್ಪ ಹೊತ್ತು ನಿಂತು ಹೋಗುತ್ತದೆ.

"ಇಪ್ಪತ್ತನೆಯ ದಿನ ಹಬ್ಬವನ್ನು
ಪೊರಕೆ ಹಿಡಿದು ಆಚೆ ಗುಡಿಸುತ್ತಿದ್ದಳು ನನ್ನಮ್ಮ,
ಏಳಲೊಲ್ಲದ ನೆಂಟನನ್ನು ಎಬ್ಬಿಸುವ ಹಾಗೆ,"
ಎಂದಳು ಬೇಕರಿಯ ಬೋರ್ಗಿಲ್ಡ್.
"ಇರಲಿ ಅನ್ನಬಹುದು. ಬಿಲ್ಲು ಯಾರು ಕಟ್ಟುವುದು?"
ಇದು ನಗರಸಭೆಯ ಸಿಗ್ವಾಲ್ಡ್.
ಮೀನಿನ ಕಾರ್ಖಾನೆಯಿಂದ ಬಂದ ಲೆತೆಬ್ರಹಾನ್
ರಬ್ಬರಿನ ಗ್ಲೌಸು ಕಳಚುತ್ತ ಕೇಳಿದಳು:
"ಎರಿಟ್ರಿಯಾದ ನಮ್ಮ ಕ್ರಿಸ್‌ಮಸ್ ಆಗಿ ಇವತ್ತಿಗೆ ಆರೇ ದಿನ.
ಇದು ಯಾರ ಲೆಕ್ಕ?"
ಐವಿಂದ್ ಟೋಪಿಯನ್ನು ಕಿವಿಯ ಮೇಲೆಳೆದುಕೊಂಡು
ಎಲ್ಲರಿಗೂ ಹ್ಞೂಂ ಅಂದ.

ಇಳಿಸುವುದೆಂದರೆ ಹಾಕಿದ್ದನ್ನೇ
ತಿರುಗಾಮುರುಗಾ ಮಾಡುವುದು ಅಂದುಕೊಂಡಿದ್ದೆ.
ಅಲ್ಲ. ಹಾಕುವಾಗ ಯಾರಾದರೂ ಕಾಫಿ ತಂದುಕೊಡುತ್ತಾರೆ,
ಮಕ್ಕಳು ಕುತ್ತಿಗೆ ನೋಯುವಷ್ಟು ಮೇಲೆ ನೋಡುತ್ತಾರೆ.
ಇಳಿಸುವಾಗ ಕಿಟಕಿಗಳು ಪರದೆ ಎಳೆದುಕೊಳ್ಳುತ್ತವೆ.
ವೈರು ಚಳಿಗೆ ಒಣಸೌದೆ, ಬಗ್ಗುವುದಿಲ್ಲ,
ಬಗ್ಗಿಸಿದರೆ ಲಟಕ್ಕೆನ್ನುತ್ತದೆ.

ದೀಪ ಆರಿಸು ಎನ್ನಲು ಬಾಯಿ ಬಾರದೆ
ದೊಡ್ಡದು ಮಾಡು ಎನ್ನುವ ಜನ
ಲೋಕದಲ್ಲೆಲ್ಲೋ ಇದ್ದಾರೆಂದು ಕೇಳಿದ್ದೇನೆ.
ಇಲ್ಲಿ ಅಂಥ ಮಾತಿಲ್ಲ.
ಐವಿಂದ್ ಪ್ಲಗ್ಗು ಕೀಳುತ್ತಾನೆ, ಅಷ್ಟೆ.

ಔಷಧದಂಗಡಿ, ಚರ್ಚಿನ ಬೇಲಿ, ದೋಣಿಮನೆ,
ನಮ್ಮ ಬೆನ್ನ ಹಿಂದೆಯೇ ಬೀದಿ
ಮುಚ್ಚಿಕೊಳ್ಳುತ್ತ ಬಂತು.
ನಲವತ್ತಾರು.

ನಲವತ್ತೇಳನೆಯದು ಶಿಶುವಿಹಾರದ ಸೂರಿನಲ್ಲಿ.
ಬೆಳಿಗ್ಗೆ ಎಂಟಕ್ಕೆ ಮಕ್ಕಳು ಅಲ್ಲಿಗೆ
ಮಿಂಚುವ ಪಟ್ಟಿಯ ಅಂಗಿ ತೊಟ್ಟು, ಎಲ್ಲರೂ ಒಂದೇ ಹಗ್ಗ ಹಿಡಿದು
ಕತ್ತಲೆಯಲ್ಲಿ ಸಾಲಾಗಿ ಬರುತ್ತಾರೆ,
ಕತ್ತಲೆಯಲ್ಲೇ ಹೋಗುತ್ತಾರೆ.
ಐವಿಂದ್ ಏಣಿ ಹತ್ತಿದ. ಕೊಕ್ಕೆ ಮುಟ್ಟಿದ. ಇಳಿದ.
ಪುಸ್ತಕದಲ್ಲಿ ಬರೆದ:
೪೭, ಕೊಕ್ಕೆ ಹೆಪ್ಪುಗಟ್ಟಿದೆ, ಬರುತ್ತಿಲ್ಲ.
ಕೆಳಗಿನಿಂದ ನನಗೆ ಕಾಣುತ್ತಿತ್ತು,
ಕೊಕ್ಕೆ ಗಾಳಿಗೆ ತೂಗಾಡುತ್ತಿತ್ತು.
ಏಣಿ ಹಿಡಿದವರು ಮಾತಾಡಬಾರದು.

ಇಪ್ಪತ್ತೊಂದಕ್ಕೆ ಊರೆಲ್ಲ ಗುಡ್ಡದ ಮೇಲೆ,
ಕೈಯಲ್ಲಿ ಬೋರ್ಗಿಲ್ಡಳ ಸೂರ್ಯನ ಬನ್ನು,
ಜಾಮು ಮೆತ್ತಿಕೊಂಡ ಮೀಸೆಗಳು.
ಸೂರ್ಯ ಬರಲಿಲ್ಲ. ಮೋಡ.
ಇಪ್ಪತ್ತೆರಡು, ಮೋಡ.
ಇಪ್ಪತ್ತಮೂರಕ್ಕೆ ಹಿಮ ಬಿತ್ತು.
ಸಿಗ್ವಾಲ್ಡ್ ಫೋನು ಮಾಡಿದ. "ಆ ಕೊಕ್ಕೆ?"
"ಹಾಗೇ ಇದೆ."

ಇಪ್ಪತ್ತನಾಲ್ಕು, ಹನ್ನೊಂದು ಐವತ್ತು.
ಎರಡು ಗುಡ್ಡಗಳ ಸಂದಿನಲ್ಲಿ
ಕತ್ತರಿಸಿದ ಉಗುರಿನಷ್ಟು.
ಮೊದಲು ಕಾರ್ಖಾನೆಯ ಗಾಜು ಹೊತ್ತಿಕೊಂಡಿತು,
ಆಮೇಲೆ ಬೋಟಿನ ಕಂಬಗಳು, ಆಮೇಲೆ
ಶಿಶುವಿಹಾರದ ಅಂಗಳದಲ್ಲಿ
ಲೆತೆಬ್ರಹಾನಳ ಮಗನ ಒಂದು ಕಿವಿ, ಕೆಂಪಗೆ.
ಮಕ್ಕಳು ಕಿರುಚಿದರು.
ಅವರ ಹಿಂದೆ ಗೋಡೆಯ ಮೇಲೆ
ಎರಡು ತಿಂಗಳ ರಜೆ ಮುಗಿಸಿ ಬಂದ
ಉದ್ದುದ್ದ ನೆರಳಿನ ಮಕ್ಕಳು, ಒಬ್ಬರೂ ತಪ್ಪದೆ.

ನಾನು ಸೂರಿನ ಕಡೆ ನೋಡಿದೆ.
"ಸರ ಉರಿಯುತ್ತಿದೆಯೋ, ಇಲ್ಲವೋ?"
ಆ ಬಿಸಿಲಿನಲ್ಲಿ ಹೇಳುವಂತಿರಲಿಲ್ಲ.
ಐವಿಂದ್ ಗ್ಲೌಸನ್ನು ಹಲ್ಲಿನಿಂದ ಕಚ್ಚಿ ಎಳೆದು
ನಾಲ್ಕು ಮೆಟ್ಟಿಲು ಹತ್ತಿ
ಒಂದು ಬಲ್ಬಿನ ಸುತ್ತ ಎರಡೂ ಕೈ ಬೊಗಸೆ ಮಾಡಿ
ಬಾವಿಗೆ ಬಗ್ಗಿದವನಂತೆ ಒಳಗೆ ಇಣುಕಿದ.

"ಇದೆ," ಎಂದ.

ಪುಸ್ತಕದಲ್ಲಿ: ೨೪, ಕೊಕ್ಕೆ ಬಿಟ್ಟುಕೊಂಡಿತು.