ಸೊನ್ನೆ ಟಿಕೆಟ್

ಹದಿನೆಂಟು ವರ್ಷ ಎಡ ಹೆಗಲಿಗೇ ಬಿದ್ದಿದ್ದ ಬ್ಯಾಗು.
ಈಗ ಆ ಕೈಗೆ ಒಂದು ಕೊಡ ನೀರೂ ಬೇಡ,
ಬಿ.ಪಿ. ಪಟ್ಟಿಯನ್ನೂ ಸುತ್ತಿಸಬೇಡ ಅಂದಿದ್ದಾರೆ ಡಾಕ್ಟರಮ್ಮ.
ಸರಿ, ಬಲಕ್ಕೆ ಹಾಕಿಕೊಂಡೆ.
ಚಿಲ್ಲರೆಗೆ ಕೈ ಮಾತ್ರ ಹಳೇ ಜಾಗಕ್ಕೇ ಹೋಗುತ್ತದೆ,
ಗಾಳಿಯಲ್ಲಿ ತಡಕಾಡಿ
ಪೆಚ್ಚಾಗಿ ವಾಪಸು ಬರುತ್ತದೆ.

ಬೆಳಗಿನ ಐದೂ ನಲವತ್ತು. ಮಂಡ್ಯ ಡಿಪೋ.
ಟೈಂ ಕೀಪರ್ ಮುಷ್ತಾಕ್ ಸಾಹೇಬರು
ರಿಜಿಸ್ಟರಿನಲ್ಲಿ ನನ್ನ ಹೆಸರು ಸಿಕ್ಕಿದ ಮೇಲೂ
ಕನ್ನಡಕ ಒರೆಸುತ್ತಲೇ ಇದ್ದರು.
'ಆಫೀಸಲ್ಲಿ ಕೂರೋ ಕೆಲಸ ಕೇಳಬಹುದಿತ್ತಲ್ಲಮ್ಮ, ಚಿಕ್ಕತಾಯಿ.'
ಕೇಳಬಹುದಿತ್ತು.
ಹನ್ನೊಂದು ತಿಂಗಳು ಕೂತೇ ಇದ್ದೆ, ಸಾಹೇಬ್ರೆ,
ಬಾಟಲಿಯಿಂದ ಹನಿ ಬೀಳೋದನ್ನ ಎಣಿಸುತ್ತ.

ಡ್ರೈವರ್ ನಿಂಗರಾಜು ಏನೂ ಕೇಳಲಿಲ್ಲ.
ಗುಂಡಿ ಕಂಡಲ್ಲೆಲ್ಲ ಗಾಡಿಯನ್ನು
ತುಂಬಿದ ಹಾಲಿನ ಕ್ಯಾನಿನ ಹಾಗೆ ಇಳಿಸಿದ.
ಅದಕ್ಕೇ ಸಿಟ್ಟು ಬಂತು ನನಗೆ.
'ಮೊದಲಿನ ಹಂಗೇ ಓಡಿಸಪ್ಪ' ಅಂತ ರೇಗಿದೆ.

ಹೊಳಲು ದಾಟಿತು. ಶಿವಳ್ಳಿಯವರೆಗೂ
ಕಬ್ಬಿನ ಟ್ರ್ಯಾಕ್ಟರಿನ ಬಾಲ ಹಿಡಿದೇ ಹೋದೆವು.
'ಎಲ್ಲೋಗಿದ್ಯವ್ವ, ಕಾಣ್ನೇ ಇಲ್ಲ ಇಷ್ಟ್ ದಿನ?'
'ತಿರುಪ್ತಿಗೆ ಮುಡಿ ಕೊಟ್ಯಾ?'
ಹೂಂ ಅಂದೆ. ಟಿಕೆಟ್ಟಿಗೊಂದು ಸುಳ್ಳು,
ಹರಿಹರಿದು ಕೊಟ್ಟೆ.
ಹೆಂಗಸರಿಗೆಲ್ಲ ಸೊನ್ನೆ ಟಿಕೆಟ್ಟು.
ದುಡ್ಡಿಲ್ಲ, ಆದರೂ ಮಿಷಿನ್ನಿನಿಂದ ಬರಲೇಬೇಕು,
ರಾತ್ರಿ ಸೊನ್ನೆಗೂ ಲೆಕ್ಕ ಒಪ್ಪಿಸಬೇಕು.

ಎಡಗಡೆ ಒಂದು ಬಟ್ಟೆ ಚೀಲ ಇಟ್ಟಿದ್ದೆ.
ಆಸ್ಪತ್ರೆಯಲ್ಲಿ ತೋರಿಸಿದ ಸಿಲಿಕಾನಿನದಕ್ಕೆ ಎಂಟು ಸಾವಿರ.
ನಾದಿನಿ ಮಾದೇವಿ ಹಳೇ ಲಂಗದ ಬಟ್ಟೆಗೆ
ಪಾವು ರಾಗಿ ತುಂಬಿ ಹೊಲಿದುಕೊಟ್ಟಿದ್ದಳು,
ಆ ಕಡೆ ಈ ಕಡೆ ಅಂಗೈಯಲ್ಲಿ ತೂಗಿ,
ಒಂದು ಕಣ್ಣು ಮುಚ್ಚಿ, ಸಂತೆಯವಳ ಹಾಗೆ
ಮೇಲೊಂದು ಹಿಡಿ ಕೊಸರು ಹಾಕಿ.

ದುದ್ದದ ಹತ್ತಿರ ರಸ್ತೆ ಉಬ್ಬು.
ನಿಂಗರಾಜು ಮೊದಲಿನ ಹಾಗೇ ಹಾರಿಸಿದ.
ಎಲ್ಲೋ ಒಂದು ಹೊಲಿಗೆ ಬಿಟ್ಟಿತು.
ಖಾಕಿ ಅಂಗಿಯ ಅಂಚಿನಿಂದ
ಸರಸರ ಸರಸರ
ಕೆಂಪು ಕಾಳು, ಬಸ್ಸಿನ ನೆಲಕ್ಕೆ.

'ಯಾರ್ದವ್ವ ರಾಗಿ ಚೀಲ ಸೋರ್ತಾ ಅದೆ?'
ಕೊನೇ ಸೀಟಿನವರೆಗೂ ಎಲ್ಲರೂ
ತಂತಮ್ಮ ಚೀಲ ಮುಟ್ಟಿ ನೋಡಿಕೊಂಡರು.
ನಾನು ಕಂಬ ಹಿಡಿದು ನಿಂತೆ.
ಮನೆಯಲ್ಲಿ, ಗಂಡನ ಮುಂದೆ ಕೂಡ,
ದೀಪ ಆರಿಸಿದ ಮೇಲೂ ಬಾಯಿಗೆ ಬಾರದೇ ಇದ್ದದ್ದು
ನಲವತ್ತಾರು ಜನರ ಎದುರು ತಾನಾಗಿ ಬಂತು:
'ನಂದು.'

ಯಾರೋ ನಗಲು ಬಾಯಿ ತೆರೆದು, ಮುಚ್ಚಿಕೊಂಡರು.
ಮೇಲುಕೋಟೆಗೆ ಹೊರಟಿದ್ದ ಹೂವಿನ ಈರಮ್ಮ
ಬುಟ್ಟಿ ಪಕ್ಕಕ್ಕಿಟ್ಟು ನೆಲಕ್ಕೇ ಕೂತಳು.
'ತಿನ್ನೋ ಕಾಳು, ತುಳೀಬ್ಯಾಡ್ರೋ' ಅಂತ ಬೈಯುತ್ತ
ಸೀಟಿನಡಿಯಿಂದ ಬಳಿಬಳಿದು ಮಡಿಲಿಗೆ ಹಾಕಿಕೊಂಡಳು.
ಆಮೇಲೆ ನನ್ನ ಅಂಗಿ ನೋಡಿದಳು, ಮುಖ ನೋಡಿದಳು.
'ನಮ್ಮಕ್ಕುಂಗೂ ತೆಗ್ದಿದ್ರು' ಅಂದಳು.
'ಅವ್ಳು ಹತ್ತಿ ಮಡಿಕ್ಕೊತಿದ್ಲು. ಹತ್ತೀನೇ ವಾಸಿ ಕಣವ್ವ,
ಬೆವ್ರಿಗೆ ರಾಗಿ ಮೊಳ್ಕೆ ಬಂದ್ಬುಟ್ಟಾತು.'

ಮೊದಲು ನಕ್ಕವಳು ನಾನೇ.
ಆಮೇಲೆ ಇಡೀ ಹೆಂಗಸರ ಸಾಲು.
ಆ ಅಕ್ಕ ಈಗ ಹೇಗಿದ್ದಾಳೆ ಅಂತ
ನಾನು ಕೇಳಲಿಲ್ಲ.
ಅವಳೂ ಹೇಳಲಿಲ್ಲ.

ಉಳಿದ ದಾರಿ
ಒಂದು ಕಡೆ ಚಪ್ಪಟೆಯಾಗಿಯೇ ನಿಂತು ಟಿಕೆಟ್ ಹರಿದೆ.
ಕಣ್ಣುಗಳು ಅಲ್ಲಿಗೆ ಬಂದವು, ಬಂದಷ್ಟೇ ಬೇಗ
ಕಿಟಕಿಗೆ ಹೋದವು, ಕೆಲವು ಹೋಗಲಿಲ್ಲ.
ಜಕ್ಕನಹಳ್ಳಿ ಕ್ರಾಸಿನಲ್ಲಿ 'ರೈಟ್' ಅಂದಾಗ
ದನಿ ಒಡೆಯಿತು. ಇನ್ನೊಮ್ಮೆ ಕೂಗಬೇಕಾಯಿತು.

ಸಂಜೆ ಡಿಪೋದಲ್ಲಿ ಕ್ಯಾಷು ಕಟ್ಟುವಾಗ
ಎರಡು ರೂಪಾಯಿ ಕಮ್ಮಿ.
ಮೂರು ಸಲ ಎಣಿಸಿ, ಕೈಯಿಂದ ಹಾಕಿ, ಸೈನ್ ಮಾಡಿದೆ.
ಬ್ಯಾಗಿನ ತಳ ಕೊಡವಿದರೆ ನಾಲ್ಕು ಕಾಳು ರಾಗಿ.
ಅವಕ್ಕೆ ಕಾಲಂ ಇಲ್ಲ.

ಹದಿನಾಲ್ಕಕ್ಕೆ ಮತ್ತೆ ಸ್ಕ್ಯಾನ್.
ರಜೆ ಚೀಟಿ ಬರೆದಿಟ್ಟಿದ್ದೇನೆ, ತಾರೀಖು ಹಾಕಿದೆ,
ಬಿಲ್ಲೆ ನಂಬರು ಹಾಕಿದೆ.
ಕಾರಣದ ಜಾಗ ಇನ್ನೂ ಖಾಲಿ ಇದೆ.