ಯಾರ ಮ್ಯಾಲ ಗೆದ್ರಿ?

ಬೆಳಗಾವಿಯೊಳಗ, ಮೂರನೇ ಮಾಳಿಗಿ ಕೋಣ್ಯಾಗ
ಉದ್ದನ ಮೇಜು, ಐದು ಮಂದಿ, ಒಂದು ತಾಟು ಕುಂದಾ.
ಫೈನಲ್ ಸುತ್ತಿಗೆ ನಾಲ್ಕು ತಂಡ ಆರಿಸೂದಿತ್ತು.
ಮೂರು ಜಾಗ, ಚಹಾ ಬರೂದ್ರಾಗ ತುಂಬಿದ್ವು.
ನಾಲ್ಕನೇದಕ್ಕ ಎರಡು ಹೆಸರು:
ಒಂದು ಕ್ಯಾಂಪಿನ ಕಾಲೇಜು, ಎರಡು ಸಲ ಸೋತದ್ದು.
ಇನ್ನೊಂದು ನಮ್ಮ ಗುಳೇದಗುಡ್ಡ.
ಒಂಬತ್ತು ಆಟ, ಒಂಬತ್ತೂ ಗೆಲುವು,
ಬಿಟ್ಟುಕೊಟ್ಟ ಗೋಲು ಒಂದೇ ಒಂದು,
ಅದೂ ನಮ್ಮ ದುಂಡಪ್ಪನ ಮೊಣಕಾಲಿಗೆ ಬಡದು ಒಳಗ ಹೋದದ್ದು.

ನಾನು ಆಟದ ಮಾಸ್ತರ.
ಹೊರಗಿನ ಬೆಂಚಿನ ಮ್ಯಾಲ, ತೊಡಿ ಮ್ಯಾಲ ಫೈಲು ಇಟಗೊಂಡು ಕುಂತಿದ್ದೆ.
ಕರದ್ರು. ಒಳಗ ಹ್ವಾದೆ.
ಹುದ್ದಾರ ಸರ ಫೈಲು ಇಸಗೊಂಡು, ದಾರ ಬಿಚ್ಚದ,
ಅದರ ಮ್ಯಾಲ ಚಹಾದ ಕಪ್ಪು ಇಟ್ಟು ನಕ್ಕೋತ ಕೇಳಿದ್ರು:
"ಗೆದ್ದೀರಿ, ಖರೇ ಅದ. ಯಾರ ಮ್ಯಾಲ ಗೆದ್ರಿ?"

ಬಾದಾಮಿ, ಅಂದೆ. ಹುನಗುಂದ. ಇಳಕಲ್ಲ. ಬೀಳಗಿ.
ಒಂದೊಂದು ಊರಿಗೂ ಅವರ ಕೈ ಸಣ್ಣಗ ಅಲುಗತಿತ್ತು,
ಸಂತ್ಯಾಗ ಬಾಡಿದ ಮೆಂತ್ಯದ ಸೂಡು ಬಾಜೂಕ ಸರಿಸಿದಂಗ.
"ನಿಮ್ಮ ವಲಯ ಹಗರ, ಮಾಸ್ತರ.
ನಮ್ಮ ಕಡೆ ಸೋಲಿಗೂ ಒಂದು ತೂಕ ಅದ."

ಹಂಗಾರ ನಿಮ್ಮ ಹುಡುಗರ ಜೋಡಿ ಒಂದಾಟ ಆಡಸ್ರಿ,
ಇಲ್ಲೇ, ನಾಳೆ ಮುಂಜಾನೆ.
"ನಿಮ್ಮ ಜೋಡಿ ಆಡಿ ನಮಗೇನು ಸಿಗಬೇಕು?
ಗೆದ್ರ ಲೆಕ್ಕಕ್ಕಿಲ್ಲ. ಸೋತ್ರ ಹೆಸರು ಹೋಗತದ."
ಅವರ ಮಾತಿನಾಗ ತಪ್ಪು ಹುಡುಕಿದೆ, ಸಿಗಲಿಲ್ಲ.
ಗಾಣದೆತ್ತಿನ ದಾರಿಯೊಳಗ ತಿರುವು ಎಲ್ಲಿರತದ?

ನಮ್ಮಪ್ಪ ಖಣ ನೇಯತಿದ್ದ.
ದರ ಇಳಸಾಕಂತನ ಬರತಿದ್ದ ಒಬ್ಬ ಸಾವಕಾರ.
ಶುದ್ಧ ಕಳ್ಳ.
ಆದ್ರೂ ಮೊದಲ ಬಟ್ಟಿ ಮುಟ್ಟತಿದ್ದ,
ಬೆಳಕಿಗೆ ಹಿಡದು, ಅಂಚು ಉಜ್ಜಿ, ಎಳಿ ಎಣಿಸಿ,
ಆಮ್ಯಾಲ ಸುಳ್ಳು ಹೇಳತಿದ್ದ.

ಯರಗಟ್ಟಿ ದಾಟಿದ ಮ್ಯಾಲ ಫೋನು.
ಹುನಗುಂದದ ಗೋಲ್‌ಕೀಪರ್, ರಾಜೇಸಾಬ.
ನಮ್ಮ ಹುಡುಗರು ಹೊಡದ ಹನ್ನೊಂದು ಚೆಂಡು ತಡದವ,
ಹನ್ನೆರಡನೇದಕ್ಕ ಕಿರಿಬೆರಳು ಮುರಕೊಂಡವ.
"ತಗೊಂಡ್ರೇನ್ರಿ ಸರ ನಿಮ್ಮನ್ನ?
ನೀವು ಹೋದ್ರ ನಾವೂ ಅರ್ಧ ಹೋದಂಗ ಅಂತ
ಓಣಿ ತುಂಬ ಹೇಳಿಟ್ಟೀನಿ."
ಇಲ್ಲಪಾ, ಅಂದೆ. ವಲಯ ಹಗರಂತ.
ಬಸ್ಸಿನ ಸಪ್ಪಳದಾಗ ಅವ ಸುಮ್ಮನಿದ್ದದ್ದು ಕೇಳಿಸ್ತು.
ಆಮ್ಯಾಲ, "ಹಂಗಾರ ನನ್ನ ಬೆರಳೂ ಹಗರ ಏನ್ರಿ?"

ನಾ ಏನೋ ಒಂದು ಅಂದೆ. ನೆಟ್‌ವರ್ಕ್ ಇಲ್ಲಪಾ ಅಂತಲೂ ಅಂದೆ.

ಕಿಡಕಿಗೆ ತಲಿ ಆನಿಸಿದಾಗ ನೆನಪಾತು:
ಬೀಳಗಿ ಮ್ಯಾಲ ಆರು ಗೋಲು ಹಾಕಿ ತಿರುಗಿ ಬರೂ ರಾತ್ರಿ
ಟೆಂಪೋದಾಗ ಹುಡುಗರಿಗೆ ನಾನ ಹೇಳಿದ್ದೆ,
"ಬೀಳಗಿ ಅಂದ್ರ ಏನಲೇ? ನೀರು ಕುಡದಂಗ."
ಎಲ್ಲಾರೂ ನಕ್ಕಿದ್ರು. ನಾ ಎಲ್ಲಾರಕಿಂತ ಜೋರು.
ಆ ಮಾತು ನನಗಿಂತ ಮೊದಲ ಬೆಳಗಾವಿ ಮುಟ್ಟಿ
ಆ ಉದ್ದನ ಮೇಜಿನ ಮುಂದ
ಆರನೇ ಕುರ್ಚಿ ಹಾಕ್ಕೊಂಡು ಕುಂತಿತ್ತೇನೋ.

ರಾತ್ರಿ ಹತ್ತೂವರಿ. ಸ್ಟ್ಯಾಂಡಿನಾಗ ಏಳೆಂಟು ಹುಡುಗರು.
ನನ್ನ ಮಾರಿ ನೋಡಿದ್ರು, ಯಾರೂ ಕೇಳಲಿಲ್ಲ.
ದುಂಡಪ್ಪ ಫೈಲು ಇಸಗೊಂಡ.
ಮ್ಯಾಲ ಕಪ್ಪಿನ ದುಂಡನ ಕಲಿ.
ಮುಂಜಾನೆ ನಾ ಹಾಕಿದ ಗಂಟು, ಹಾಕಿದಂಗ ಇತ್ತು.
ಹಲ್ಲಿಲೆ ಕಚ್ಚಿ ಬಿಚ್ಚಿದ.
ಪಾನಂಗಡಿ ಬಲ್ಬಿನ ಕೆಳಗ ನಿಂತು ಓದಾಕ ಹತ್ತಿದ,
ನಮ್ಮವರ ಹೆಸರಲ್ಲ,
ಎದುರಾಳಿಗಳದು, ಊರು ಸಮೇತ, ಒಬ್ಬೊಬ್ಬರದು,
ಹಾಜರಿ ಕೂಗಿದಂಗ.
ಬೀಳಗಿಯ ಹನ್ನೊಂದು ಮಂದಿ ಮುಗಿಯೂ ತನಕ
ನಾ ನೆಲ ನೋಡತಿದ್ದೆ.
ರಾಜೇಸಾಬನ ಹೆಸರು ಬಂದಾಗ
ಯಾರೋ ಹಿಂದಿನಿಂದ ಸಣ್ಣಗ,
"ಇದ್ದಾನ್ರಿ" ಅಂದ್ರು.